ಇವತ್ತು ಮಾರಿದ ಸಾಮಾನು, ಹತ್ತು ವರ್ಷದ ಮೇಲೆ ಬರುವ ಬಿಲ್ಲು: ಇ-ತ್ಯಾಜ್ಯ ನಿಯಮ ಎಲೆಕ್ಟ್ರಾನಿಕ್ಸ್ ಕಂಪನಿಗಳಿಂದ ಏನು ಕೇಳುತ್ತದೆ?

ಒಂದು ಕಂಪನಿ 2015-16ರಲ್ಲಿ ಸಾವಿರ ಟನ್ ತೂಕದಷ್ಟು ಫ್ರಿಜ್ ಮಾರಿತ್ತು ಅಂತ ಇಟ್ಟುಕೊಳ್ಳಿ. ದುಡ್ಡು ಬಂತು, ಆ ವರ್ಷದ ಲೆಕ್ಕ ಮುಗಿಯಿತು, ಆ ಮಾಡೆಲ್ಲೇ ಅಂಗಡಿಗಳಿಂದ ಮಾಯವಾಯಿತು. 2025-26ರಲ್ಲಿ ಸರ್ಕಾರ ಅದೇ ಕಂಪನಿಯನ್ನು ಕೇಳುತ್ತದೆ: ಅವತ್ತು ಮಾರಿದ್ದರಲ್ಲಿ ಶೇ. 70ರಷ್ಟು, ಅಂದರೆ 700 ಟನ್‌ಗೆ ಸಮನಾದ ಹಳೇ ಸಾಮಾನು ಈ ವರ್ಷ ಸರಿಯಾದ ರೀತಿಯಲ್ಲಿ ರಿಸೈಕಲ್ ಆಗಿದೆ ಅನ್ನೋದಕ್ಕೆ ದಾಖಲೆ ಎಲ್ಲಿ? ದಾಖಲೆ ಇಲ್ಲದಿದ್ದರೆ ಪರಿಸರ ಪರಿಹಾರ ಅಂತ ಹಣ ಕಟ್ಟಬೇಕು. ಕಟ್ಟಿದ ಮೇಲೂ ಆ 700 ಟನ್ನಿನ ಹೊಣೆ ತಲೆ ಮೇಲಿಂದ ಇಳಿಯುವುದಿಲ್ಲ.

ಭಾರತದ ಇ-ತ್ಯಾಜ್ಯ ನಿಯಮದ ತಿರುಳು ಈ ಒಂದು ಲೆಕ್ಕದಲ್ಲಿದೆ. ಸಾಮಾನು ಮಾರಿದ ದಿನವೇ ಕಂಪನಿ ಒಂದು ಸಾಲ ಮಾಡಿಕೊಂಡ ಹಾಗೆ. ತೀರಿಸುವ ವರ್ಷ ಮಾತ್ರ ಮುಂದಿರುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಈ ನಿಯಮ ಗೊತ್ತಿರುವುದು ‘ಹಳೇ ಮೊಬೈಲ್ ಕಸದ ಬುಟ್ಟಿಗೆ ಹಾಕಬೇಡಿ’ ಅನ್ನೋ ಪೋಸ್ಟರ್ ಮೂಲಕ. ಅದು ಗ್ರಾಹಕರಿಗೆ ಹೇಳುವ ಮಾತು. ಕಾನೂನಿನ ಭಾರ ಬೀಳುವುದು ಮಾಡಿ ಮಾರುವವರ ಮೇಲೆ.

ಈ ಯೋಚನೆ ಹುಟ್ಟಿದ್ದು ಸ್ವೀಡನ್ನಿನಲ್ಲಿ. ವಸ್ತು ಕಸವಾದ ಮೇಲಿನ ಖರ್ಚನ್ನೂ ಅದನ್ನು ತಯಾರಿಸಿದವರೇ ಹೊರಬೇಕು ಅಂತ ಥಾಮಸ್ ಲಿಂಡ್‌ಕ್ವಿಸ್ಟ್ ಅನ್ನುವವರು 1990ರಲ್ಲಿ ಅಲ್ಲಿನ ಪರಿಸರ ಸಚಿವಾಲಯಕ್ಕೆ ಕೊಟ್ಟ ವರದಿಯಲ್ಲಿ ಬರೆದರು. ಅದಕ್ಕೆ ‘ಉತ್ಪಾದಕರ ವಿಸ್ತರಿತ ಹೊಣೆ’ ಅನ್ನೋ ಹೆಸರು ಬಂತು. ಈ ವಲಯದಲ್ಲಿ ಎಲ್ಲರೂ ಇಪಿಆರ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. 2003ರಲ್ಲಿ ಯುರೋಪಿಯನ್ ಒಕ್ಕೂಟ ಇದನ್ನು ಎಲೆಕ್ಟ್ರಾನಿಕ್ಸ್‌ಗೆ ಕಾನೂನು ಮಾಡಿತು. ನಮ್ಮಲ್ಲಿ ಮೊದಲ ನಿಯಮ ಬಂದದ್ದು 2011ರಲ್ಲಿ, ಜಾರಿಯಾದದ್ದು 2012ರ ಮೇ 1ರಿಂದ. ಅದರಲ್ಲಿ ಹೊಣೆ ಇತ್ತು, ಎಷ್ಟು ಅನ್ನೋ ಗುರಿ ಇರಲಿಲ್ಲ. ಗುರಿ ಇಲ್ಲದ ಹೊಣೆಯನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? 2016ರಲ್ಲಿ ಹೊಸ ನಿಯಮ ಬಂತು, 2018ರ ತಿದ್ದುಪಡಿಯಲ್ಲಿ ಶೇ. 10ರಿಂದ ಶುರುವಾಗಿ ಶೇ. 70ರವರೆಗೆ ಏರುವ ಸಂಗ್ರಹದ ಗುರಿ ಬಂತು. ಆದರೆ ಅಲ್ಲಿ ಎಣಿಕೆಯಾಗುತ್ತಿದ್ದದ್ದು ‘ಎಷ್ಟು ಕಸ ಸಂಗ್ರಹಿಸಿದಿರಿ’ ಅನ್ನೋದು. ಸಂಗ್ರಹಿಸಿದ ಕಸ ಮುಂದೆ ಏನಾಯಿತು ಅನ್ನೋದನ್ನು ಕೊನೆವರೆಗೆ ಹಿಂಬಾಲಿಸುವುದು ಕಷ್ಟವಿತ್ತು.

ಈಗ ಜಾರಿಯಲ್ಲಿರುವುದು 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮ. ಕೇಂದ್ರ ಪರಿಸರ ಸಚಿವಾಲಯ ಅದನ್ನು 2022ರ ನವೆಂಬರ್ 2ರಂದು ಪ್ರಕಟಿಸಿತು, 2023ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಹಳೇ ನಿಯಮದ ಪಟ್ಟಿಯಲ್ಲಿ 21 ಬಗೆಯ ವಸ್ತುಗಳಿದ್ದವು, ಈಗ 106. ಟಿವಿ, ಫ್ರಿಜ್, ಮೊಬೈಲ್ ಇರಲಿ, ಆಸ್ಪತ್ರೆಯ ಯಂತ್ರ, ಪ್ರಯೋಗಾಲಯದ ಉಪಕರಣ, ಡ್ರಿಲ್ಲಿಂಗ್ ಮಷಿನ್, ಮಕ್ಕಳ ಎಲೆಕ್ಟ್ರಿಕ್ ರೈಲು ಕೂಡ ಪಟ್ಟಿಯಲ್ಲಿವೆ. ತಮ್ಮದು ‘ಎಲೆಕ್ಟ್ರಾನಿಕ್ಸ್ ಕಂಪನಿ’ ಅಂತ ಯಾವತ್ತೂ ಅಂದುಕೊಳ್ಳದ ಎಷ್ಟೋ ಕಾರ್ಖಾನೆಗಳು ಒಮ್ಮೆಲೇ ಒಳಗೆ ಬಂದವು.

ಹೊಣೆ ಯಾರದು? ಕಾರ್ಖಾನೆಯದೋ, ಬ್ರಾಂಡಿನದೋ?

ಇಲ್ಲೇ ಜಾಸ್ತಿ ಗೊಂದಲ. ಕೋಲಾರ ಜಿಲ್ಲೆಯ ನರಸಾಪುರವನ್ನು ತೆಗೆದುಕೊಳ್ಳಿ. ಅಲ್ಲಿ ವಿಸ್ಟ್ರಾನ್ ಕಟ್ಟಿ, 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಕೊಂಡ ಕಾರ್ಖಾನೆಯಲ್ಲಿ ಐಫೋನ್ ಜೋಡಣೆಯಾಗುತ್ತದೆ. ಫೋನು ಮಾಡಿದ್ದು ಟಾಟಾ. ಫೋನಿನ ಮೇಲಿರುವ ಗುರುತು ಆಪಲ್‌ದು. ನಿಯಮ ಈ ಇಬ್ಬರನ್ನೂ ಬೇರೆ ಬೇರೆ ಪಾತ್ರದಲ್ಲಿ ನೋಡುತ್ತದೆ. ಬೇರೆಯವರಿಗಾಗಿ ಜೋಡಿಸಿಕೊಡುವ ಕಾರ್ಖಾನೆ ‘ತಯಾರಕ’. ತನ್ನ ಬ್ರಾಂಡಿನಲ್ಲಿ ಮಾರುವವರು ‘ಉತ್ಪಾದಕ’, ಒಳಗಿನದನ್ನು ಯಾರೇ ಮಾಡಿರಲಿ.

ತಯಾರಕನ ಹೊಣೆ ಕಾರ್ಖಾನೆಯ ಗೇಟಿನ ಒಳಗೆ ನಿಲ್ಲುತ್ತದೆ. ಜೋಡಣೆಯ ಲೈನಿನಲ್ಲಿ ರಿಜೆಕ್ಟ್ ಆದ ಬೋರ್ಡು, ಕೆಟ್ಟ ಬಿಡಿಭಾಗ, ಟೆಸ್ಟಿಂಗಿನಲ್ಲಿ ಸುಟ್ಟುಹೋದ ಸಾಮಾನು, ಇವನ್ನೆಲ್ಲ ನೋಂದಾಯಿತ ರಿಸೈಕ್ಲರ್‌ಗೇ ಕೊಡಬೇಕು. ಎಷ್ಟು ಬಂತು, ಎಷ್ಟು ಹೋಯಿತು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ಮೂರು ತಿಂಗಳಿಗೊಮ್ಮೆ ಮತ್ತು ವರ್ಷಕ್ಕೊಮ್ಮೆ ರಿಟರ್ನ್ಸ್ ಸಲ್ಲಿಸಬೇಕು. ಮೊದಲಿನ ಹಾಗೆ ತಿಂಗಳ ಕೊನೆಗೆ ಗುಜರಿಯವನನ್ನು ಕರೆದು, ತೂಕ ಹಾಕಿಸಿ, ಕ್ಯಾಶ್ ತೆಗೆದುಕೊಂಡು ಕಳಿಸುವ ಹಾಗಿಲ್ಲ. ಅದು ಬಿಟ್ಟರೆ ಮಾರಾಟದ ಮೇಲಿನ ರಿಸೈಕ್ಲಿಂಗ್ ಗುರಿ ತಯಾರಕನಿಗೆ ಬರುವುದಿಲ್ಲ. ಆ ದೊಡ್ಡ ಗಂಟು ಉತ್ಪಾದಕನದು.

ಈ ಎರಡನೇ ಪಾತ್ರದೊಳಗೆ ಇನ್ನೊಬ್ಬರೂ ಬರುತ್ತಾರೆ: ಆಮದುದಾರರು. ಚೀನಾದಿಂದ ಅಡಾಪ್ಟರ್, ಸ್ಪೀಕರ್, ಸ್ಮಾರ್ಟ್ ವಾಚ್ ತರಿಸಿ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಿಗೆ ಹಾಕುವ ವ್ಯಾಪಾರಿಗೆ ಕಾರ್ಖಾನೆಯೂ ಇಲ್ಲ, ಬ್ರಾಂಡೂ ಇಲ್ಲ. ಆದರೂ ಕಾನೂನಿನ ಕಣ್ಣಿನಲ್ಲಿ ಆತನೂ ದೊಡ್ಡ ಕಂಪನಿಗಳಷ್ಟೇ ‘ಉತ್ಪಾದಕ’. ಇದು ನ್ಯಾಯವೂ ಹೌದು. ಮಾಡಿದವನು ಶೆನ್‌ಝೆನ್‌ನಲ್ಲಿ ಕುಳಿತಿದ್ದಾನೆ, ಅವನನ್ನು ಇಲ್ಲಿಂದ ಹಿಡಿಯೋದು ಹೇಗೆ?

ಸ್ವಂತ ಕಾರ್ಖಾನೆ, ಸ್ವಂತ ಬ್ರಾಂಡ್ ಎರಡೂ ಇದ್ದರೆ ಎರಡು ನೋಂದಣಿ. ಬ್ಯಾಟರಿಗೆ ಬೇರೆ ನಿಯಮ, ಪ್ಯಾಕಿಂಗ್ ಪ್ಲಾಸ್ಟಿಕ್‌ಗೆ ಬೇರೆ ನಿಯಮ. ಒಂದು ಬ್ಲೂಟೂತ್ ಸ್ಪೀಕರ್ ಮಾರುವ ಕಂಪನಿ ಮೂರು ಕಡೆ ಲೆಕ್ಕ ಒಪ್ಪಿಸಬೇಕು: ಸ್ಪೀಕರಿಗೆ ಒಂದು, ಒಳಗಿನ ಲಿಥಿಯಂ ಬ್ಯಾಟರಿಗೆ ಒಂದು, ಸುತ್ತಿದ ಪ್ಲಾಸ್ಟಿಕ್‌ಗೆ ಇನ್ನೊಂದು. ಇದನ್ನು ಒಂದೇ ಕಡೆ ತಂದಿದ್ದರೆ ಸರ್ಕಾರದ ಗಂಟೇನೂ ಹೋಗುತ್ತಿರಲಿಲ್ಲ.

ಗುರಿಯ ಲೆಕ್ಕ

ಯಾವ ವಸ್ತು ಸರಾಸರಿ ಎಷ್ಟು ವರ್ಷ ಬಾಳುತ್ತದೆ ಅಂತ ಮಂಡಳಿ ಪಟ್ಟಿ ಮಾಡಿದೆ. ಫ್ರಿಜ್ಜಿಗೆ 10 ವರ್ಷ, ಲ್ಯಾಪ್‌ಟಾಪಿಗೆ 5. ಈ ವರ್ಷದಿಂದ ಅಷ್ಟು ವರ್ಷ ಹಿಂದಕ್ಕೆ ಹೋಗಿ ಆಗ ಮಾರಿದ ತೂಕ ನೋಡುತ್ತಾರೆ. ಅದರ ಮೇಲೆ 2023-24 ಮತ್ತು 2024-25ರಲ್ಲಿ ಶೇ. 60, ಮುಂದಿನ ಎರಡು ವರ್ಷ ಶೇ. 70, 2027-28ರಿಂದ ಶೇ. 80. ಮೊನ್ನೆ ಮೊನ್ನೆ ಶುರುವಾದ ಕಂಪನಿಗೆ ಹಿಂದಕ್ಕೆ ನೋಡೋಕೆ ಇತಿಹಾಸವೇ ಇಲ್ಲವಲ್ಲ. ಅವರಿಗೆ ಎರಡು ವರ್ಷದ ಹಿಂದಿನ ಮಾರಾಟದ ಮೇಲೆ ಮೊದಲು ಶೇ. 15, ಆಮೇಲೆ ಶೇ. 20. ವಸ್ತುವಿನ ಬಾಳಿಕೆಯಷ್ಟು ವರ್ಷ ಕಳೆದ ಮೇಲೆ ಅವರೂ ದೊಡ್ಡವರ ಸಾಲಿಗೆ ಸೇರುತ್ತಾರೆ.

ಹತ್ತು ವರ್ಷಕ್ಕೆ ಸರಿಯಾಗಿ ಫ್ರಿಜ್ ಹೊರಗೆ ಹಾಕುವ ಮನೆ ನಮ್ಮಲ್ಲಿ ಎಷ್ಟಿವೆಯೋ. ಹೊಸದು ಬಂದರೆ ಹಳೆಯದು ಊರಿನ ಮನೆಗೆ ಹೋಗುತ್ತದೆ, ಇಲ್ಲ ಬಾಡಿಗೆದಾರರಿಗೆ. ಹಾಗಾಗಿ ನಿಯಮ ಹೇಳುವ ‘ಈ ವರ್ಷದ ಕಸ’ ಕಾಗದದ ಮೇಲಿನ ಅಂದಾಜು. ಆ ಕಂಪನಿಯ ಅದೇ ಫ್ರಿಜ್ ವಾಪಸ್ ಬರಬೇಕು ಅಂತ ಎಲ್ಲೂ ಹೇಳಿಲ್ಲ. ಬೇರೆ ಯಾವುದೋ ಕಂಪನಿಯ ಹಳೇ ವಾಷಿಂಗ್ ಮಷಿನ್ನಿನಿಂದ ಬಂದ ಕಬ್ಬಿಣವಾದರೂ ಸರಿ, ಒಟ್ಟು ತೂಕ ಸರಿಹೋಗಬೇಕು. ಅದನ್ನು ಸರಿಹೊಂದಿಸುವ ಸಾಧನವೇ ಇಪಿಆರ್ ಸರ್ಟಿಫಿಕೇಟ್.

ಸರ್ಟಿಫಿಕೇಟ್ ಹೇಗೆ ಹುಟ್ಟುತ್ತದೆ

ಒಂದು ರಿಸೈಕ್ಲಿಂಗ್ ಘಟಕಕ್ಕೆ ಹಳೇ ಫ್ರಿಜ್ ಬಂತು ಅಂದುಕೊಳ್ಳಿ. ಮೊದಲ ಕೆಲಸ ಅದರೊಳಗಿನ ಗ್ಯಾಸನ್ನು ಯಂತ್ರದಿಂದ ಎಳೆದು ಸಿಲಿಂಡರಿಗೆ ತುಂಬುವುದು. ಗಾಳಿಗೆ ಬಿಟ್ಟರೆ ಓಝೋನ್ ಪದರಕ್ಕೋ ಹವಾಮಾನಕ್ಕೋ ಕೇಡು. ಆಮೇಲೆ ಕಂಪ್ರೆಸರ್ ಬಿಚ್ಚಿ ಎಣ್ಣೆ ಬಸಿಯುತ್ತಾರೆ. ಗಾಜಿನ ತಟ್ಟೆ, ರಬ್ಬರ್ ಪಟ್ಟಿ, ವೈರು ಬೇರೆಯಾಗುತ್ತವೆ. ಉಳಿದ ಡಬ್ಬ ಪುಡಿ ಮಾಡುವ ಯಂತ್ರಕ್ಕೆ ಬೀಳುತ್ತದೆ. ಚೂರುಗಳು ಬೆಲ್ಟಿನ ಮೇಲೆ ಹೋಗುವಾಗ ಮೇಲಿನ ಅಯಸ್ಕಾಂತ ಕಬ್ಬಿಣವನ್ನು ಎಳೆದುಕೊಳ್ಳುತ್ತದೆ. ಮುಂದಿನ ಹಂತದಲ್ಲಿ ವೇಗವಾಗಿ ತಿರುಗುವ ಇನ್ನೊಂದು ಕಾಂತ, ಅಲ್ಯೂಮಿನಿಯಂ ಮತ್ತು ತಾಮ್ರದ ಚೂರನ್ನು ಚಿಮ್ಮಿಸಿ ಬೇರೆ ತೊಟ್ಟಿಗೆ ಬೀಳಿಸುತ್ತದೆ. ಪ್ಲಾಸ್ಟಿಕ್, ಫೋಮು ಕೊನೆಗೆ ಉಳಿಯುತ್ತವೆ.

ಸರ್ಟಿಫಿಕೇಟ್ ಹುಟ್ಟುವುದು ಈ ಬೆಲ್ಟಿನ ಕೊನೆಯಲ್ಲಿ. ಘಟಕದ ಒಳಗೆ ಎಷ್ಟು ಕಸ ಬಂತು ಅನ್ನೋದರ ಮೇಲಲ್ಲ, ಎಷ್ಟು ಲೋಹ ಹೊರಗೆ ಬಂತು ಅನ್ನೋದರ ಮೇಲೆ. ಆ ಲೋಹದ ತೂಕಕ್ಕೆ ಒಂದು ಪರಿವರ್ತನೆ ಅಂಶ ಗುಣಿಸಿ, ರಿಸೈಕ್ಲರ್ ಹೆಸರಿಗೆ ಮಂಡಳಿಯ ಪೋರ್ಟಲ್ ಸರ್ಟಿಫಿಕೇಟ್ ಕೊಡುತ್ತದೆ. ಲೆಕ್ಕಕ್ಕೆ ಬರುವ ಮುಖ್ಯ ಲೋಹಗಳು ನಾಲ್ಕು: ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ, ಚಿನ್ನ. ಉತ್ಪಾದಕ ಕಂಪನಿ ಆ ಸರ್ಟಿಫಿಕೇಟನ್ನು ರಿಸೈಕ್ಲರ್‌ನಿಂದ ಕೊಂಡು ತನ್ನ ಗುರಿಗೆ ಜಮಾ ಮಾಡಿಕೊಳ್ಳುತ್ತದೆ. 2022ರ ನಿಯಮ ತಂದ ದೊಡ್ಡ ಬದಲಾವಣೆ ಇದೇ. ಕಂಪನಿ ತಾನೇ ಬೀದಿ ಬೀದಿ ಸುತ್ತಿ ಕಸ ಹುಡುಕಬೇಕಿಲ್ಲ. ಹಳೇ ನಿಯಮದಲ್ಲಿ ಕಂಪನಿಗಳ ಪರವಾಗಿ ಕಸ ಒಟ್ಟುಗೂಡಿಸುತ್ತಿದ್ದ ಮಧ್ಯದ ಸಂಸ್ಥೆಗಳು, ಬರೀ ಬಿಚ್ಚುವ ಕೆಲಸ ಮಾಡುತ್ತಿದ್ದ ಘಟಕಗಳು ನೋಂದಣಿಯ ಪಟ್ಟಿಯಿಂದಲೇ ಹೊರಬಿದ್ದವು. ಈಗ ಉಳಿದದ್ದು ತಯಾರಕ, ಉತ್ಪಾದಕ, ದುರಸ್ತಿ ಮಾಡಿ ಮರಳಿ ಮಾರುವವರು, ರಿಸೈಕ್ಲರ್.

ಚಿನ್ನ ಅಂದ ತಕ್ಷಣ ನೆನಪಾಗುತ್ತದೆ. ಕೆಜಿಎಫ್ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚುವ ಹೊತ್ತಿಗೆ ಒಂದು ಟನ್ ಅದಿರು ಅರೆದರೆ ಕೆಲವೇ ಗ್ರಾಂ ಚಿನ್ನ ಸಿಗುತ್ತಿತ್ತು. ಒಂದು ಟನ್ ಮೊಬೈಲ್ ಬೋರ್ಡುಗಳಲ್ಲಿ ಅದರ ಹತ್ತಾರು ಪಟ್ಟು ಚಿನ್ನ ಇರುತ್ತದೆ. ಅದೇ ಕೋಲಾರ ಜಿಲ್ಲೆಯಲ್ಲಿ ಈಗ ಆ ಫೋನುಗಳು ತಯಾರಾಗುತ್ತಿವೆ. ಬೋರ್ಡಿನಿಂದ ಚಿನ್ನ ತೆಗೆಯೋದು ಸುಲಭದ ಕೆಲಸವಲ್ಲ, ಅದಕ್ಕೆ ಒಳ್ಳೆಯ ಘಟಕ ಬೇಕು, ಬಂಡವಾಳ ಬೇಕು. ಸರ್ಕಾರದ ಅನುಮತಿ ಪಡೆದ ದೇಶದ ಮೊದಲ ಇ-ತ್ಯಾಜ್ಯ ಘಟಕ ಅನ್ನಿಸಿಕೊಂಡ ಇ-ಪರಿಸರ 2005ರಲ್ಲಿ ಶುರುವಾದದ್ದು ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲೇ. ಅಂದರೆ ನಮ್ಮ ರಾಜ್ಯಕ್ಕೆ ಈ ಕಸುಬು ಹೊಸತೇನಲ್ಲ.

ಸರ್ಟಿಫಿಕೇಟಿಗೂ ಕಟ್ಟುಪಾಡುಗಳಿವೆ. ಅದು ಹುಟ್ಟಿದ ಹಣಕಾಸು ವರ್ಷ ಮುಗಿದ ಮೇಲೆ ಎರಡು ವರ್ಷ ಮಾತ್ರ ಚಾಲ್ತಿ. ಬೆಲೆ ಕಡಿಮೆ ಇದೆ ಅಂತ ಕಂಪನಿ ಬೇಕಾದಷ್ಟು ಕೊಂಡು ಗುಡ್ಡೆ ಹಾಕಿಕೊಳ್ಳುವ ಹಾಗಿಲ್ಲ. ಈ ವರ್ಷದ ಬಾಕಿ, ಹಿಂದಿನ ಬಾಕಿ, ಅದರ ಮೇಲೆ ಈ ವರ್ಷದ ಶೇ. 5, ಅಷ್ಟೇ ಮಿತಿ. ಕಂಪನಿ ಹೇಳಿದ ಅಂಕಿಗೂ ರಿಸೈಕ್ಲರ್ ಹೇಳಿದ ಅಂಕಿಗೂ ತಾಳೆಯಾಗದಿದ್ದರೆ ಕಡಿಮೆ ಇರುವುದನ್ನೇ ಹಿಡಿಯುತ್ತಾರೆ. ಗುರಿ ತಪ್ಪಿದವರು ಪರಿಸರ ಪರಿಹಾರ ಕಟ್ಟಬೇಕು. ಆದರೆ ಒಂದು ವರ್ಷದೊಳಗೆ ಬಾಕಿ ತೀರಿಸಿದರೆ ಕಟ್ಟಿದ್ದರಲ್ಲಿ ಶೇ. 85 ವಾಪಸ್, ಎರಡು ವರ್ಷದೊಳಗಾದರೆ ಶೇ. 60, ಮೂರು ವರ್ಷದೊಳಗಾದರೆ ಶೇ. 30. ಆಮೇಲೆ ಏನೂ ಇಲ್ಲ. ದಂಡ ಕಟ್ಟಿ ಕೈತೊಳೆದುಕೊಳ್ಳೋಕೆ ಬಿಡದ ಈ ಏರ್ಪಾಡು ನನಗೆ ನಿಯಮದ ಜಾಣತನದ ಭಾಗ ಅನ್ನಿಸುತ್ತದೆ.

ಇಷ್ಟಾದರೂ ಕಾಗದ ಇದ್ದಲ್ಲಿ ಸುಳ್ಳು ಕಾಗದವೂ ಇರುತ್ತದೆ, ಅಲ್ವಾ? ಇದೇ ಮಾದರಿಯ ಪ್ಲಾಸ್ಟಿಕ್ ತ್ಯಾಜ್ಯದ ವ್ಯವಸ್ಥೆಯಲ್ಲಿ 2023ರಲ್ಲಿ ಮಂಡಳಿ ತಪಾಸಣೆ ಮಾಡಿದಾಗ ಕೆಲವೇ ರಿಸೈಕ್ಲರ್‌ಗಳು ಸುಮಾರು 6 ಲಕ್ಷ ನಕಲಿ ಸರ್ಟಿಫಿಕೇಟ್ ಸೃಷ್ಟಿಸಿದ್ದು ಹೊರಬಿತ್ತು. ಹಾಗಾಗಿ ಸರ್ಟಿಫಿಕೇಟ್ ಕೊಳ್ಳುವ ಕಂಪನಿಯವರು ಪೋರ್ಟಲ್‌ನಲ್ಲಿ ರಿಸೈಕ್ಲರ್ ಹೆಸರು ನೋಡಿ ಸುಮ್ನೆ ಇದ್ದರೆ ಸಾಲದು. ಘಟಕಕ್ಕೆ ಒಮ್ಮೆ ಹೋಗಿ, ಅಲ್ಲಿನ ಯಂತ್ರ ದಿನಕ್ಕೆ ಎಷ್ಟು ಅರೆಯಬಲ್ಲದು, ಕರೆಂಟ್ ಬಿಲ್ ಎಷ್ಟು ಬರುತ್ತಿದೆ ಅಂತ ಕೇಳಿದರೆ ಎಷ್ಟೋ ವಿಷಯ ತಿಳಿಯುತ್ತದೆ. ಸಾವಿರಾರು ಟನ್ ಕಬ್ಬಿಣ ಬೇರ್ಪಡಿಸಿದ್ದೇವೆ ಅನ್ನುವ ಘಟಕದ ಕರೆಂಟ್ ಬಿಲ್ ನಾಲ್ಕು ಮನೆಗಳಷ್ಟೇ ಇದ್ದರೆ ಏನು ಅರ್ಥ?

ಬೆಲೆಯ ಜಗಳ

ಸರ್ಟಿಫಿಕೇಟಿಗೆ ಬೆಲೆ ಎಷ್ಟು ಅನ್ನೋದು ಈಗ ಕೋರ್ಟಿನ ವಿಷಯ. ಮೊದಲು ಇದು ಕೊಳ್ಳುವವರ, ಮಾರುವವರ ಚೌಕಾಸಿಗೆ ಬಿಟ್ಟದ್ದು. ಕೊಳ್ಳುವವರು ದೊಡ್ಡ ಬ್ರಾಂಡುಗಳು, ಮಾರುವವರು ಚದುರಿಹೋದ ರಿಸೈಕ್ಲರ್‌ಗಳು. ಬೆಲೆ ಯಾವ ಕಡೆ ಜಾರುತ್ತದೆ ಅಂತ ಊಹಿಸೋದು ಕಷ್ಟವಲ್ಲ. 2024ರ ಮಾರ್ಚ್ ತಿದ್ದುಪಡಿ ಇದಕ್ಕೆ ಮೇಲೊಂದು, ಕೆಳಗೊಂದು ಗೆರೆ ಎಳೆಯಿತು. ಸರ್ಟಿಫಿಕೇಟಿನ ಬೆಲೆ ಪರಿಸರ ಪರಿಹಾರದ ಶೇ. 30ಕ್ಕಿಂತ ಕೆಳಗೆ ಹೋಗಬಾರದು, ಶೇ. 100 ದಾಟಬಾರದು. ಇದರ ಪ್ರಕಾರ ಗೃಹಬಳಕೆಯ ವಸ್ತುಗಳಿಗೆ ಕೆಜಿಗೆ ಕನಿಷ್ಠ 22 ರೂಪಾಯಿ ಅಂತ ನಿಗದಿಯಾಯಿತು.

ಕಂಪನಿಗಳು ಸಿಟ್ಟಾದವು. ಡೈಕಿನ್, ಹ್ಯಾವೆಲ್ಸ್, ವೋಲ್ಟಾಸ್, ಆಮೇಲೆ ಸ್ಯಾಮ್‌ಸಂಗ್, ಎಲ್‌ಜಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದವು. ಎರಡು ಖಾಸಗಿ ವ್ಯಾಪಾರಿಗಳ ನಡುವಿನ ಬೆಲೆಯನ್ನು ಸರ್ಕಾರ ನಿಗದಿ ಮಾಡುವುದು ಸರಿಯಲ್ಲ, ಮೊದಲು ಕೊಡುತ್ತಿದ್ದದ್ದಕ್ಕಿಂತ ಇದು ಹಲವು ಪಟ್ಟು ಜಾಸ್ತಿ ಅನ್ನೋದು ಅವರ ವಾದ.

ಸ್ಥೂಲವಾಗಿ ಒಂದು ಲೆಕ್ಕ ಹಾಕೋಣ. 50 ಕೆಜಿಯ ಒಂದು ಫ್ರಿಜ್, ಅದರ ಶೇ. 70 ಅಂದರೆ 35 ಕೆಜಿ, ಕೆಜಿಗೆ 22ರಂತೆ 770 ರೂಪಾಯಿ. ಲೋಹವಾರು ಲೆಕ್ಕದಲ್ಲಿ ಇದು ಬದಲಾಗುತ್ತದೆ, ಆದರೆ ಗಾತ್ರದ ಅಂದಾಜಿಗೆ ಸಾಕು. ಫ್ರಿಜ್ಜಿನ ಬೆಲೆಗೆ ಹೋಲಿಸಿದರೆ ಇದು ದೊಡ್ಡದಲ್ಲ ಅನ್ನಿಸಬಹುದು. ಕಂಪನಿಗಳ ಸಂಕಟ ಬೇರೆ ಇದೆ. ಹತ್ತು ವರ್ಷದ ಹಿಂದೆ ಆ ಫ್ರಿಜ್ ಮಾರುವಾಗ ಈ 770 ರೂಪಾಯಿಯನ್ನು ಯಾರೂ ಬೆಲೆಯಲ್ಲಿ ಸೇರಿಸಿರಲಿಲ್ಲ. ಅವತ್ತಿನ ಗ್ರಾಹಕ ಕೊಡದ ಹಣವನ್ನು ಇವತ್ತಿನ ಗ್ರಾಹಕನಿಂದ ವಸೂಲು ಮಾಡಬೇಕು, ಇಲ್ಲ ಲಾಭದಲ್ಲಿ ಕಳೆದುಕೊಳ್ಳಬೇಕು. ಒಂದು ಕಾಲಕ್ಕೆ ಜಾಸ್ತಿ ಮಾರಿ ಈಗ ಮಾರುಕಟ್ಟೆ ಕಳೆದುಕೊಂಡ ಕಂಪನಿಗೆ ಇದು ಇನ್ನೂ ಬಿಗಿ: ಸಾಲ ಹಳೇ ದಿನಗಳ ಅಳತೆಯದು, ಸಂಪಾದನೆ ಈಗಿನದು.

ಅವರ ಸಂಕಟ ಅರ್ಥವಾಗುತ್ತದೆ. ಆದರೂ ಕನಿಷ್ಠ ಬೆಲೆ ಇರಬೇಕು ಅನ್ನೋದೇ ನನ್ನ ಅಭಿಪ್ರಾಯ. ಗ್ಯಾಸ್ ಎಳೆಯುವ ಯಂತ್ರ, ಹೊಗೆ ಶೋಧಿಸುವ ವ್ಯವಸ್ಥೆ, ಕೈಗವಸು, ಪಿಎಫ್, ಇಎಸ್ಐ ಎಲ್ಲ ಇಟ್ಟುಕೊಂಡ ಘಟಕಕ್ಕೆ ಖರ್ಚಿದೆ. ಬಯಲಿನಲ್ಲಿ ವೈರು ಸುಡುವವನಿಗೆ ಖರ್ಚು ಒಂದು ಬೆಂಕಿಪೊಟ್ಟಣ. ಬೆಲೆಗೆ ತಳ ಇಲ್ಲದಿದ್ದರೆ ಮೊದಲು ಬಾಗಿಲು ಹಾಕುವುದು ಸರಿಯಾಗಿ ಕೆಲಸ ಮಾಡುವ ಘಟಕವೇ.

ಬೆಸುಗೆಯಲ್ಲಿ ಅಡಗಿದ ನಿಯಮ

ಗುರಿ, ಸರ್ಟಿಫಿಕೇಟ್ ಎಲ್ಲ ಅಕೌಂಟ್ಸ್ ವಿಭಾಗದ ತಲೆನೋವು. ಕಾರ್ಖಾನೆಯ ಎಂಜಿನಿಯರಿಗೆ ನೇರವಾಗಿ ತಟ್ಟುವ ಭಾಗ ಬೇರೆ ಇದೆ. ಆರು ವಿಷ ಪದಾರ್ಥಗಳಿಗೆ ನಿಯಮ ಮಿತಿ ಹಾಕಿದೆ: ಸೀಸ, ಪಾದರಸ, ಕ್ಯಾಡ್ಮಿಯಂ, ಹೆಕ್ಸಾವೇಲೆಂಟ್ ಕ್ರೋಮಿಯಂ, ಮತ್ತು ಪ್ಲಾಸ್ಟಿಕ್ ಬೆಂಕಿ ಹಿಡಿಯದಂತೆ ಬೆರೆಸುವ ಎರಡು ಬಗೆಯ ಬ್ರೋಮಿನ್ ರಾಸಾಯನಿಕ. ಕ್ಯಾಡ್ಮಿಯಂ ಶೇ. 0.01, ಉಳಿದ ಐದು ಶೇ. 0.1 ಮೀರಬಾರದು. ಯುರೋಪಿನಲ್ಲಿ 2006ರ ಜುಲೈನಿಂದ ಜಾರಿಯಲ್ಲಿರುವ ರೋಹ್ಸ್ ನಿಯಮದ ಅಚ್ಚು ಇದು. ಅಲ್ಲಿ 2019ರಿಂದ ಇನ್ನೂ ನಾಲ್ಕು ಥ್ಯಾಲೇಟ್‌ಗಳನ್ನು, ಅಂದರೆ ಪ್ಲಾಸ್ಟಿಕ್ ಮೆತ್ತಗಾಗಲಿ ಅಂತ ಬೆರೆಸುವ ರಾಸಾಯನಿಕಗಳನ್ನು, ಸೇರಿಸಿದ್ದಾರೆ.

ಶೇ. 0.1 ಅಂದರೆ ಯಾವುದರ ಶೇ. 0.1? ಹೊಸಬರು ಎಡವುವುದು ಇಲ್ಲೇ. ಇಡೀ ಮಿಕ್ಸಿಯ ತೂಕದಲ್ಲಲ್ಲ. ಒಂದೊಂದು ಏಕರೂಪದ ವಸ್ತುವಿನಲ್ಲಿ, ಅಂದರೆ ಇನ್ನು ಬಿಡಿಸೋಕೆ ಆಗದ ಭಾಗದಲ್ಲಿ. ಒಂದು ವೈರು ತೆಗೆದುಕೊಳ್ಳಿ. ಅದರ ತಾಮ್ರ ಒಂದು ವಸ್ತು, ಮೇಲಿನ ಪಿವಿಸಿ ಹೊದಿಕೆ ಇನ್ನೊಂದು. ಹೊದಿಕೆಯ ಬಣ್ಣದಲ್ಲಿ ಸೀಸ ಇದ್ದು ಶೇ. 0.1 ದಾಟಿದರೆ ಇಡೀ ಉತ್ಪನ್ನ ನಪಾಸು. ಒಂದು ಸ್ಕ್ರೂ ಸಹ ಎರಡು ವಸ್ತು: ಒಳಗಿನ ಉಕ್ಕು ಮತ್ತು ಮೇಲಿನ ಲೇಪನ. ಹಳದಿ ಮಿಶ್ರಿತ ಮಿನುಗಿನ ಹಳೇ ಕಾಲದ ಸ್ಕ್ರೂಗಳಲ್ಲಿ ಇರುತ್ತಿದ್ದದ್ದು ಇದೇ ಹೆಕ್ಸಾವೇಲೆಂಟ್ ಕ್ರೋಮಿಯಂ. ಐವತ್ತು ಪೈಸೆಯ ಸ್ಕ್ರೂ ಐವತ್ತು ಸಾವಿರದ ಯಂತ್ರವನ್ನು ತಡೆಯಬಲ್ಲದು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆದದ್ದು ಬೆಸುಗೆಯಲ್ಲಿ. ತಲೆಮಾರುಗಳಿಂದ ಬಳಸುತ್ತಿದ್ದ ಸೋಲ್ಡರ್‌ನಲ್ಲಿ ನೂರಕ್ಕೆ 63 ಪಾಲು ತವರ, 37 ಪಾಲು ಸೀಸ. ಅದು 183 ಡಿಗ್ರಿಗೆ ಕರಗಿ ನೀರಿನ ಹಾಗೆ ಹರಿಯುತ್ತದೆ, ಆರಿದ ಮೇಲೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಅದರ ಬದಲು ಬಂದದ್ದು ಸೀಸವಿಲ್ಲದ ಮಿಶ್ರಣ. ಅದರಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದರಲ್ಲಿ ಶೇ. 96.5 ತವರ, ಶೇ. 3 ಬೆಳ್ಳಿ, ಶೇ. 0.5 ತಾಮ್ರ. ಅದು ಕರಗೋಕೆ ಶುರುವಾಗುವುದೇ 217 ಡಿಗ್ರಿಗೆ. ಆ ಮೂವತ್ತನಾಲ್ಕು ಡಿಗ್ರಿ ಇಡೀ ಲೈನನ್ನೇ ಬದಲಾಯಿಸಿತು. ಓವನ್ನಿನ ಉಷ್ಣತೆ ಏರಿಸಬೇಕು, ಕರೆಂಟ್ ಜಾಸ್ತಿ ಬೇಕು. ಮೊದಲಿನ ಶಾಖಕ್ಕೆ ತಾಳುತ್ತಿದ್ದ ಪ್ಲಾಸ್ಟಿಕ್ ಕನೆಕ್ಟರ್ ಈಗ ಸೊಟ್ಟಗಾಗುತ್ತದೆ, ಬೇರೆಯದು ತರಿಸಬೇಕು. ಜಾಯಿಂಟು ಮಂಕಾಗಿ ಕಾಣುವುದರಿಂದ, ಹೊಳಪು ನೋಡಿ ಪಾಸು ಮಾಡುತ್ತಿದ್ದ ಹಳೇ ಇನ್‌ಸ್ಪೆಕ್ಟರ್‌ಗಳ ಕಣ್ಣನ್ನೇ ಮತ್ತೆ ಪಳಗಿಸಬೇಕು. ಒಂದೇ ಕಾರ್ಖಾನೆಯಲ್ಲಿ ಎರಡೂ ಬಗೆಯ ಸೋಲ್ಡರ್ ಇದ್ದರೆ ಇನ್ನೂ ಕಷ್ಟ. ಸೀಸದ ಸೋಲ್ಡರ್ ಮುಟ್ಟಿದ ಐರನ್ ತುದಿಯನ್ನು ಇನ್ನೊಂದಕ್ಕೆ ಮುಟ್ಟಿಸಿದರೆ ಮುಗಿಯಿತು. ಅದಕ್ಕೇ ಎಷ್ಟೋ ಕಡೆ ಸೀಸರಹಿತ ಟೇಬಲ್ಲಿಗೆ ಬೇರೆ ಬಣ್ಣದ ಟೇಪು ಅಂಟಿಸಿ, ಸಾಮಾನು ಅತ್ತಿತ್ತ ಹೋಗದ ಹಾಗೆ ನೋಡಿಕೊಳ್ಳುತ್ತಾರೆ.

ಕೆಲವು ಕಡೆ ವಿನಾಯಿತಿ ಇದೆ. ಹೆಚ್ಚು ಶಾಖದಲ್ಲಿ ಕೆಲಸ ಮಾಡುವ ಕೆಲವು ಬಿಡಿಭಾಗಗಳಲ್ಲಿ ಶೇ. 85ಕ್ಕಿಂತ ಜಾಸ್ತಿ ಸೀಸದ ಸೋಲ್ಡರ್‌ಗೆ ಅವಕಾಶ ಇದೆ, ಯಾಕೆಂದರೆ ಅದಕ್ಕೆ ಸರಿಯಾದ ಬದಲಿ ಸಿಕ್ಕಿಲ್ಲ.

ಮಂಡಳಿ ಮಾರುಕಟ್ಟೆಯಿಂದ ಯಾವ ಉತ್ಪನ್ನವನ್ನಾದರೂ ತೆಗೆದು ಪರೀಕ್ಷೆ ಮಾಡಿಸಬಹುದು. ಪರೀಕ್ಷೆಯ ಖರ್ಚು ಉತ್ಪಾದಕನದೇ. ಫೇಲಾದರೆ ಮಾರಿದ ಸಾಮಾನನ್ನು ವಾಪಸ್ ಕರೆಸಿಕೊಳ್ಳಬೇಕು. ಹಾಗಾಗಿ ಬ್ರಾಂಡುಗಳು ಬಿಡಿಭಾಗ ಕೊಡುವ ಪ್ರತಿ ಪೂರೈಕೆದಾರನಿಂದ ರೋಹ್ಸ್ ಘೋಷಣೆ, ಟೆಸ್ಟ್ ರಿಪೋರ್ಟ್ ಕೇಳುತ್ತವೆ. ಆ ಪೂರೈಕೆದಾರ ತನಗೆ ಲೇಪನ ಹಾಕಿಕೊಡುವ ಪೀಣ್ಯದ ಚಿಕ್ಕ ಶೆಡ್ಡಿನವನನ್ನು ಕೇಳುತ್ತಾನೆ. ಕಾನೂನು ಹೆಸರಿಸದ ಮನುಷ್ಯನ ಬಾಗಿಲಿಗೂ ಕಾನೂನು ಹೀಗೆ ಬಂದು ನಿಲ್ಲುತ್ತದೆ.

ಚಿಕ್ಕವರ ಪಾಡು

ಅತಿಸಣ್ಣ ಉದ್ಯಮಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. 2025ರ ಏಪ್ರಿಲ್‌ನಿಂದ ಆ ಮಿತಿಯೂ ದೊಡ್ಡದಾಗಿದೆ: ಹೂಡಿಕೆ ಎರಡೂವರೆ ಕೋಟಿ, ವಹಿವಾಟು ಹತ್ತು ಕೋಟಿ ರೂಪಾಯಿವರೆಗೆ. ಕಾಗದದ ಮೇಲೆ ಇದು ದೊಡ್ಡ ರಿಯಾಯಿತಿ. ಆದರೆ ನೋಂದಾಯಿತ ಸಂಸ್ಥೆಗಳು ನೋಂದಣಿ ಇಲ್ಲದವರ ಜತೆ ವ್ಯವಹರಿಸಬಾರದು ಅಂತಲೂ ನಿಯಮದಲ್ಲಿದೆ. ದೊಡ್ಡ ಕಂಪನಿಯ ಖರೀದಿ ವಿಭಾಗದವರು ವಿನಾಯಿತಿಯ ಸೂಕ್ಷ್ಮ ಓದುತ್ತಾ ಕೂರುವುದಿಲ್ಲ. ನೋಂದಣಿ ಸಂಖ್ಯೆ ಇದೆಯಾ ಇಲ್ಲವಾ ಅಂತ ಕೇಳುತ್ತಾರೆ. ಆ ಮಿತಿಗಿಂತ ಸ್ವಲ್ಪವೇ ಮೇಲಿರುವ ಘಟಕಕ್ಕಂತೂ ದೊಡ್ಡ ಕಂಪನಿಯಷ್ಟೇ ಫಾರಂಗಳು. ಅವರಿಗೆ ನಾನು ಹೇಳುವುದು ಒಂದೇ: ಮಾರಿದ ಪ್ರತಿ ಮಾಡೆಲ್ಲಿನ ತೂಕವನ್ನು ಇವತ್ತಿನಿಂದಲೇ ಬರೆದಿಡಿ. ಬಿಲ್ಲಿನಲ್ಲಿ ಎಷ್ಟು ಪೀಸು ಅಂತ ಇರುತ್ತದೆ, ಎಷ್ಟು ಕೆಜಿ ಅಂತ ಇರುವುದಿಲ್ಲ. ಐದು ವರ್ಷದ ನಂತರ ಪೋರ್ಟಲ್ ಕೇಳುವುದು ಕೆಜಿಯನ್ನೇ.

ನಿಯಮಕ್ಕೆ ಕಾಣದ ಗಲ್ಲಿ

ಕೇಂದ್ರ ಮಂಡಳಿಯ ಲೆಕ್ಕದ ಪ್ರಕಾರ 2021-22ರಲ್ಲಿ ದೇಶದಲ್ಲಿ 16 ಲಕ್ಷ ಟನ್ ಇ-ತ್ಯಾಜ್ಯ ಹುಟ್ಟಿತ್ತು. ಅಧಿಕೃತ ಘಟಕಗಳಿಗೆ ಹೋದದ್ದು ಅದರ ಮೂರನೇ ಒಂದು ಭಾಗದಷ್ಟು. ಜಗತ್ತಿನ ಲೆಕ್ಕವೂ ಚೆನ್ನಾಗೇನಿಲ್ಲ: 2022ರಲ್ಲಿ 6.2 ಕೋಟಿ ಟನ್, ಸರಿಯಾಗಿ ರಿಸೈಕಲ್ ಆದ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ.

ಉಳಿದದ್ದು ಎಲ್ಲಿ ಹೋಗುತ್ತದೆ? ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮುರಾದಾಬಾದ್, ನಮ್ಮಲ್ಲಾದರೆ ಗೌರಿಪಾಳ್ಯ, ಜಾಲಿ ಮೊಹಲ್ಲಾದಂಥ ಕಡೆಗಳ ಗುಜರಿ ಅಂಗಡಿಗಳಿಗೆ. ಅಲ್ಲಿನವರ ಕೈಚಳಕ ನೋಡಬೇಕು. ಯಾವ ಬೋರ್ಡಿನಲ್ಲಿ ಏನಿದೆ, ಯಾವ ಐಸಿ ಬಿಚ್ಚಿ ಮತ್ತೆ ಮಾರಬಹುದು ಅಂತ ಒಂದೇ ನೋಟಕ್ಕೆ ಹೇಳುತ್ತಾರೆ. ಬಿಚ್ಚುವ, ವಿಂಗಡಿಸುವ ಕೆಲಸದಲ್ಲಿ ಅವರನ್ನು ಮೀರಿಸುವ ಯಂತ್ರ ಇಲ್ಲ. ಅಪಾಯ ಶುರುವಾಗುವುದು ಆಮೇಲೆ, ಬೋರ್ಡನ್ನು ಆಸಿಡ್ಡಿನಲ್ಲಿ ಅದ್ದಿದಾಗ, ಪಿವಿಸಿ ವೈರಿಗೆ ಬೆಂಕಿ ಇಟ್ಟಾಗ. ಆ ಹೊಗೆಯಲ್ಲಿ ಡಯಾಕ್ಸಿನ್ ಅನ್ನೋ ವಿಷ ಇರುತ್ತದೆ, ಆ ಆಸಿಡ್ ಕೊನೆಗೆ ಚರಂಡಿಗೆ ಸೇರುತ್ತದೆ.

ಈ ಜನರಿಗೆ 2022ರ ನಿಯಮದಲ್ಲಿ ಜಾಗ ಸಿಕ್ಕಿಲ್ಲ. ಕೆಲಸಗಾರರ ಗುರುತು, ತರಬೇತಿ, ಸುರಕ್ಷತೆ ರಾಜ್ಯ ಸರ್ಕಾರಗಳ ಹೊಣೆ ಅಂತ ಬರೆದು ಬಿಟ್ಟಿದ್ದಾರೆ. ಬಿಚ್ಚುವವರ ನೋಂದಣಿಯನ್ನೇ ಕೈಬಿಟ್ಟದ್ದು ನನ್ನ ಪ್ರಕಾರ ಎಡವಟ್ಟು. ಅವರು ಬಿಚ್ಚಿ, ವಿಂಗಡಿಸಿ, ಬೋರ್ಡುಗಳನ್ನು ದೊಡ್ಡ ಘಟಕಕ್ಕೆ ಮಾರುವ ದಾರಿ ಇದ್ದಿದ್ದರೆ ಎರಡೂ ಕಡೆಗೆ ಲಾಭವಿತ್ತು. ಕಂಪನಿಗಳಿಗೂ ಇದು ಸಂಬಂಧವಿಲ್ಲದ ವಿಷಯವಲ್ಲ. ಕಸ ಗಲ್ಲಿಗೆ ಹೋದಷ್ಟೂ ನೋಂದಾಯಿತ ಘಟಕಕ್ಕೆ ಕಚ್ಚಾ ಸಾಮಾನು ಕಡಿಮೆ, ಸರ್ಟಿಫಿಕೇಟ್ ಕಡಿಮೆ, ಬೆಲೆ ಜಾಸ್ತಿ.

ದುರಸ್ತಿಗೆ ಮಾತ್ರ ನಿಯಮ ಒಂದು ಒಳ್ಳೆಯ ಬಾಗಿಲು ತೆರೆದಿದೆ. ಹಳೇ ಸಾಮಾನನ್ನು ಸರಿಮಾಡಿ ಮತ್ತೆ ಬಳಕೆಗೆ ತಂದರೆ ಅದಕ್ಕೂ ಸರ್ಟಿಫಿಕೇಟ್ ಇದೆ. ಅದನ್ನು ಕೊಂಡ ಕಂಪನಿಯ ರಿಸೈಕ್ಲಿಂಗ್ ಹೊಣೆ ಅಷ್ಟರ ಮಟ್ಟಿಗೆ ಮುಂದಕ್ಕೆ ಹೋಗುತ್ತದೆ. ಆ ಸಾಮಾನಿನ ಹೆಚ್ಚುವರಿ ಆಯಸ್ಸು ಮುಗಿದ ಮೇಲೆ ಲೆಕ್ಕಕ್ಕೆ ಬರುವುದು ಮುಂದೂಡಿದ್ದರಲ್ಲಿ ಶೇ. 75 ಮಾತ್ರ. ಅಂದರೆ ಕಾಲು ಭಾಗ ಮಾಫಿ.

ಹೀಗಿದ್ದರೂ ವಿನ್ಯಾಸದ ವಿಷಯದಲ್ಲಿ ನಮ್ಮ ನಿಯಮ ಬಾಯಿ ಬಿಡುವುದಿಲ್ಲ. ಅದಕ್ಕೆ ಗೊತ್ತಿರುವುದು ತೂಕ ಒಂದೇ. ಸ್ಕ್ರೂ ಹಾಕಿ ಬಿಚ್ಚೋಕೆ ಸುಲಭವಾಗುವಂತೆ ಮಾಡಿದ 200 ಗ್ರಾಮಿನ ಫೋನಿಗೂ, ಗೋಂದು ಹಾಕಿ ಅಂಟಿಸಿ ಬಿಚ್ಚೋಕೇ ಆಗದ 180 ಗ್ರಾಮಿನ ಫೋನಿಗೂ ಹೋಲಿಸಿದರೆ ಎರಡನೆಯದರ ಹೊಣೆಯೇ ಕಡಿಮೆ! ಯುರೋಪ್ ಈ ವಿಷಯದಲ್ಲಿ ಮುಂದೆ ಹೋಗಿದೆ. 2025ರ ಜೂನ್ 20ರಿಂದ ಅಲ್ಲಿ ಮಾರುವ ಸ್ಮಾರ್ಟ್‌ಫೋನಿಗೆ, ಮಾರಾಟ ನಿಂತ ಮೇಲೂ ಏಳು ವರ್ಷ ಬಿಡಿಭಾಗ ಸಿಗುವಂತಿರಬೇಕು. 2027ರ ಫೆಬ್ರವರಿ 18ರಿಂದ, ಕೆಲವು ವಿನಾಯಿತಿ ಬಿಟ್ಟು, ಕೈಯಲ್ಲಿ ಹಿಡಿದು ಬಳಸುವ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ಬದಲಾಯಿಸಿಕೊಳ್ಳುವಂತಿರಬೇಕು. ಇಲ್ಲಿಂದ ಯುರೋಪಿಗೆ ರಫ್ತು ಮಾಡುವ ಕಾರ್ಖಾನೆಗಳು ಇದಕ್ಕೆ ಈಗಲೇ ತಯಾರಾಗಬೇಕು. ಯುರೋಪಿಗೆ ಒಂದು ವಿನ್ಯಾಸ, ಭಾರತಕ್ಕೆ ಇನ್ನೊಂದು ಅಂತ ಎರಡು ಲೈನ್ ನಡೆಸುವುದು ದುಬಾರಿ. ಸೀಸದ ವಿಷಯದಲ್ಲೂ ಆದದ್ದು ಇದೇ: 2006ರ ಯುರೋಪಿನ ನಿಯಮಕ್ಕಾಗಿ ಓವನ್ ಬದಲಾಯಿಸಿದ ಕಾರ್ಖಾನೆಗಳು, ನಮ್ಮ ನಿಯಮ ಬರುವ ಮೊದಲೇ ಇಲ್ಲಿನ ಗ್ರಾಹಕರಿಗೂ ಸೀಸವಿಲ್ಲದ ಬೋರ್ಡು ಕೊಡೋಕೆ ಶುರುಮಾಡಿದ್ದವು.